ಒಲೆಮೀಮಾಂಸೆ: ಸಟೀಕ, ಸಭಾಷ್ಯ, ಸಧೂಮ

ಗ್ರಂಥಾರಂಭದಲ್ಲಿ ವಿಘ್ನನಿವಾರಣೆಗಾಗಿ ಮಂಗಲಾಚರಣೆ ಮಾಡುವುದು ಶಿಷ್ಟಾಚಾರ. ಒಲೆಯ ವಿಷಯದಲ್ಲಿ ವಿಘ್ನಗಳು ಮೂರು: ಹಸಿ ಸೌದೆ, ಕಟ್ಟಿಕೊಂಡ ಚಿಮಣಿ, ಪಕ್ಕದಲ್ಲಿ ನಿಂತು ಸಲಹೆ ಕೊಡುವ ಗಂಡಸು. ಮೊದಲೆರಡಕ್ಕೆ ಈ ಗ್ರಂಥದಲ್ಲಿ ಪರಿಹಾರವಿದೆ. ಮೂರನೆಯವನೇ ಗ್ರಂಥಕರ್ತನಾದ್ದರಿಂದ ಅವನಿಗೊಂದು ನಮಸ್ಕಾರ ಹಾಕಿ ಮುಂದುವರಿಯುವುದು ಕ್ಷೇಮ.

ಇಲ್ಲಿನ ಸೂತ್ರಗಳು ಆಡುಗನ್ನಡದಲ್ಲಿವೆ, ಭಾಷ್ಯ ಮಾತ್ರ ಪಂಡಿತಶೈಲಿಯಲ್ಲಿದೆ. ಕಾರಣ ಸರಳ. ಸೂತ್ರಗಳನ್ನು ನುಡಿದವರು ಮಲೆನಾಡಿನ ಬಚ್ಚಲುಗಳಲ್ಲಿ, ಬಯಲುಸೀಮೆಯ ಅಡುಗೆಮನೆಗಳಲ್ಲಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಹೆಂಗಸರು. ಎರಡು ಕೆಮ್ಮಿನ ನಡುವೆ ನುಡಿದದ್ದರಿಂದ ಅವು ತಾವಾಗಿಯೇ ಸೂತ್ರದಷ್ಟು ಚಿಕ್ಕವಾಗಿವೆ. ಭಾಷ್ಯವನ್ನು ಜಗಲಿಯ ಮೇಲೆ, ಎಲೆಅಡಿಕೆ ಹಾಕಿಕೊಂಡು, ಒಳಗಿನಿಂದ ಕಾಫಿ ಬರುವವರೆಗಿನ ಬಿಡುವಿನಲ್ಲಿ ರಚಿಸಲಾಗಿದೆ, ಹಾಗಾಗಿ ಉದ್ದವಾಗಿದೆ. ಒಲೆಯ ಮುಂದೆ ಕೂತವರು ಬರೆಯಲಿಲ್ಲ, ಬರೆದವರು ಒಲೆಯ ಮುಂದೆ ಕೂರಲಿಲ್ಲ ಎಂಬ ಪ್ರಾಚೀನ ಶ್ರಮವಿಭಜನೆಯನ್ನು ನಾವೂ ಮೀರಿಲ್ಲ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಕರ್ಮಗಳಲ್ಲಿರುವ ಹಾಗೆ ಒಲೆ ಹೊತ್ತಿಸುವವರಲ್ಲೂ ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆ. ನಿತ್ಯಾಧಿಕಾರಿಯ ಮನೆಯಲ್ಲಿ ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಬೀಳಲೇಬೇಕು. ತಪ್ಪಿದರೆ ಪ್ರತ್ಯವಾಯ, ಅಂದರೆ ತಣ್ಣೀರು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಎಷ್ಟೋ ಅಡುಗೆಮನೆಗಳಿಗೆ ಸಿಲಿಂಡರ್ ಬಂತು, ನಿಜ. ಅದರ ಮೇಲೆ ಹಾಲು ಕಾಯುತ್ತದೆ, ಒಗ್ಗರಣೆ ಸಿಡಿಯುತ್ತದೆ. ಮನೆಮಂದಿಗೆಲ್ಲ ಸ್ನಾನಕ್ಕಾಗುವ ತಾಮ್ರದ ಹಂಡೆ ಮಾತ್ರ ಮಲೆನಾಡಿನಲ್ಲಿ ಇವತ್ತಿಗೂ ಕಾಯುವುದು ತೋಟದ ಸೋಗೆ, ತೆಂಗಿನ ಮಟ್ಟೆ, ಗುಡ್ಡದ ಜಿಗ್ಗಿನಲ್ಲೇ. ಪುಕ್ಕಟೆ ಸಿಗುವ ಉರುವಲನ್ನು ಬಿಟ್ಟು ಕಾಸು ಕೊಟ್ಟ ಗ್ಯಾಸಿನಲ್ಲಿ ಬೆನ್ನಿಗೆ ನೀರು ಕಾಯಿಸುವಷ್ಟು ಅವಿವೇಕ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ನೈಮಿತ್ತಿಕಾಧಿಕಾರಿಗೆ ಒಲೆ ನೆನಪಾಗುವುದು ನೀರು ತುಂಬುವ ಹಬ್ಬಕ್ಕೆ, ಇಲ್ಲವೇ ಸಿಲಿಂಡರ್ ಖಾಲಿಯಾದ ಭಾನುವಾರಕ್ಕೆ. ಅವನ ಒಲೆಯಲ್ಲಿ ಕಳೆದ ನರಕಚತುರ್ದಶಿಯ ಬೂದಿ ಹಾಗೇ ಇರುತ್ತದೆ, ಚಿಮಣಿಯಲ್ಲಿ ಯಾವುದೋ ಹಕ್ಕಿಯ ಸಂಸಾರವಿರುತ್ತದೆ. ಕಾಮ್ಯಾಧಿಕಾರಿ ಎಂದರೆ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಗಳ ಹೋಂಸ್ಟೇ ಮಾಲೀಕ. ಅತಿಥಿಗಳ ಫೋಟೋಕ್ಕೆ ಹಿನ್ನೆಲೆಯಾಗಲೆಂದು ಗಾಜಿನ ಬಾಗಿಲಿನ ಎರಕದ ಒಲೆಯನ್ನು ತರಿಸಿದವನು. ಮೂವರಲ್ಲಿ ಅತ್ಯಂತ ಹೆಚ್ಚು ಶಾಸ್ತ್ರ ಬೇಕಾದವನು ಇವನೇ. ಕ್ಯಾಟಲಾಗ್ ಓದಿದ್ದೇನೆಂಬ ಧೈರ್ಯದಲ್ಲಿ ಶಾಸ್ತ್ರ ಓದದವನೂ ಇವನೇ.

ಧೂಮಾಧಿಕರಣ

ಸೂತ್ರ: ಹಸಿ ಇದ್ದಲ್ಲಿ ಹೊಗೆ.

ಭಾರತೀಯ ತರ್ಕಶಾಸ್ತ್ರಕ್ಕೆ ಅಡುಗೆಮನೆಯ ಋಣ ದೊಡ್ಡದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಅನುಮಾನಪ್ರಮಾಣಕ್ಕೆ ಬೇರೆ ಉದಾಹರಣೆಯೇ ಇಲ್ಲವೇನೋ ಎನ್ನುವಷ್ಟು ನೈಯಾಯಿಕರು ಇದನ್ನು ಸವೆಸಿದ್ದಾರೆ. ಹೊಗೆ ಬೆಂಕಿ ಎರಡೂ ಜೊತೆಗಿರುವುದನ್ನು ಎಲ್ಲಿ ನೋಡಿದೆಯಪ್ಪಾ ಎಂದು ಕೇಳಿದರೆ ಉತ್ತರ ಸಿದ್ಧ: ಮಹಾನಸದಲ್ಲಿ, ಅಂದರೆ ಅಡುಗೆಮನೆಯಲ್ಲಿ; ಇದು ಸಪಕ್ಷ. ಎರಡೂ ಇಲ್ಲದ್ದನ್ನು ಎಲ್ಲಿ ನೋಡಿದೆ? ಮಡುವಿನಲ್ಲಿ. ಹೀಗೆ ಶತಮಾನಗಳ ಕಾಲ ವಿದ್ಯಾರ್ಥಿಗಳು ಅಡುಗೆಮನೆಯ ಬಾಗಿಲಿಗೆ ಬಂದರು, ಇಣುಕಿದರು, ವ್ಯಾಪ್ತಿಯನ್ನು ಗ್ರಹಿಸಿದರು, ಕಣ್ಣುಜ್ಜಿಕೊಂಡು ಹಿಂತಿರುಗಿದರು. ಒಳಗೆ ಊದುಕೊಳವೆ ಹಿಡಿದು ಕೂತವಳನ್ನು ದೃಷ್ಟಾಂತದಲ್ಲಿ ಸೇರಿಸಲಿಲ್ಲ. ಅವಳಿಂದ ಹೇತುವಾದ ಹೊಗೆಗೂ ಪ್ರಯೋಜನವಿರಲಿಲ್ಲ, ಸಾಧ್ಯವಾದ ಬೆಂಕಿಗೂ ಪ್ರಯೋಜನವಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸುವಂತಿಲ್ಲ. ಕಾದು ಕೆಂಪಗಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗಾದರೆ ಬೆಂಕಿಗೆ ಹೊಗೆ ಯಾವಾಗ ಅಂಟಿಕೊಳ್ಳುತ್ತದೆ? ಆರ್ದ್ರೇಂಧನಸಂಯೋಗವಾದಾಗ, ಅಂದರೆ ಹಸಿ ಉರುವಲು ಸೇರಿದಾಗ. ಅನ್ನಂಭಟ್ಟನ ತರ್ಕಸಂಗ್ರಹ ಇದನ್ನು ಉಪಾಧಿಗೆ, ಅಂದರೆ ಅಂಟಿಕೊಂಡ ಷರತ್ತಿಗೆ, ಉದಾಹರಣೆಯಾಗಿ ಕೊಡುತ್ತದೆ, ತರ್ಕ ಕಲಿಯುವ ಪ್ರತಿ ಹುಡುಗನೂ ಇದನ್ನು ಬಾಯಿಪಾಠ ಮಾಡುತ್ತಾನೆ. ಒಣಸೌದೆ ಹಾಕಿದರೆ ಹೊಗೆ ಕಡಿಮೆ ಎಂಬ ಸಂಗತಿ ಹೀಗೆ ನಮ್ಮ ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವರು ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳಿದರು. ಮಳೆ ಬರುವ ಮುಂಚೆ ಸೌದೆ ಒಳಗೆ ಹಾಕಿ ಎಂಬ ವಾಕ್ಯ ಮಾತ್ರ ನಾವು ಕಂಡ ಯಾವ ಟೀಕೆಯಲ್ಲೂ ಇಲ್ಲ.

ಸಿದ್ಧಾಂತವನ್ನು ಈಗ ಕೊಂಚ ತಿದ್ದಬೇಕಾಗಿದೆ. ಹಸಿಯೊಂದೇ ಉಪಾಧಿಯಲ್ಲ. ಸೌದೆ ಸೌದೆಯಾಗಿ ಉರಿಯುವುದೇ ಇಲ್ಲ. ಕಾವು ನೂರು ಡಿಗ್ರಿಯ ಸುತ್ತಮುತ್ತ ಇರುವವರೆಗೆ ಅದರೊಳಗಿನ ನೀರು ಹೊರಡುತ್ತದೆ. ಇನ್ನೂರು ಮುನ್ನೂರು ದಾಟಿದಾಗ ಮರ ಒಡೆದು ಅನಿಲಗಳಾಗುತ್ತದೆ. ಒಣಮರದ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿ ಹೋಗುವಂಥದ್ದು. ನಾವು ಜ್ವಾಲೆ ಎಂದು ಕೈ ಮುಗಿಯುವುದು ಆ ಅನಿಲ ಉರಿಯುವುದಕ್ಕೆ. ಕೊನೆಗೆ ಉಳಿದ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಅನಿಲಕ್ಕೆ ಸಾಕಷ್ಟು ಕಾವು ಸಿಗದಿದ್ದರೆ, ಸಾಕಷ್ಟು ಗಾಳಿ ಬೆರೆಯದಿದ್ದರೆ, ಉರಿಯಲು ಬೇಕಾದ ಹೊತ್ತು ಜಾಗ ಇಲ್ಲದಿದ್ದರೆ ಅದು ಉರಿಯದೇ ಹೊರಬೀಳುತ್ತದೆ. ಅದೇ ಹೊಗೆ. ಆದ್ದರಿಂದ ಹೊಗೆಯೆಂದರೆ ಉರಿಯ ಲಕ್ಷಣವಲ್ಲ, ಉರಿಯದೆ ಉಳಿದ ಸೌದೆ. ಒಲೆಬಾಯಿಗೆ ಕೊಳ್ಳಿಗಳನ್ನು ತುರುಕಿ, ಗಾಳಿಗೆ ಸಂದಿಯೇ ಇಲ್ಲದಂತೆ ಮಾಡಿ, ಆಮೇಲೆ ಊದುಕೊಳವೆಯಲ್ಲಿ ಊದುವುದನ್ನು ನಾವು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಹೊತ್ತಿಸುವಾಗ ಒಂದೆರಡು ಸಲ ಊದುವುದು ಶಾಸ್ತ್ರಸಮ್ಮತ. ಸಾರು ಕುದಿಯುವವರೆಗೂ ಊದುತ್ತಲೇ ಇರಬೇಕಾದ ಒಲೆಗೆ ಕೆಡವುವುದೊಂದೇ ಪ್ರಾಯಶ್ಚಿತ್ತ.

ಇಂಧನಾಧಿಕರಣ

ಸೂತ್ರ: ಬೇಸಿಗೆಯಲ್ಲಿ ಕಡಿದದ್ದು ಮಳೆಗೆ, ಮಳೆಯಲ್ಲಿ ಕಡಿದದ್ದು ಕಣ್ಣಿಗೆ.

ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರುತ್ತದೆ. ಗಾಳಿಯಾಡಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ನೂರಕ್ಕೆ 15ರಿಂದ 20ಕ್ಕೆ ಇಳಿಯುತ್ತದೆ. ಪೂರ್ವಪಕ್ಷಿ ಇಲ್ಲಿ ಲೆಕ್ಕ ಹಾಕಿಕೊಂಡು ಬರುತ್ತಾನೆ. ಒಂದು ಕಿಲೋ ಕುದಿನೀರನ್ನು ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲೊರಿ ಬೇಕು. ಒಂದು ಕಿಲೋ ಒಣಮರದಿಂದ 4,000ಕ್ಕೂ ಮಿಕ್ಕಿ ಸಿಗುತ್ತದೆ. ಹಸಿಮರದಲ್ಲಿ ನೀರಿನ ಪಾಲು ಕಳೆದರೂ ಲಾಭವೇ ಅಲ್ಲವೇ ಎಂದು. ಲೆಕ್ಕ ಸರಿ, ಉತ್ತರ ತಪ್ಪು. ನೀರು ಕಾವನ್ನು ಕುಡಿಯುವುದಷ್ಟೇ ಅಲ್ಲ, ಬೆಂಕಿಯನ್ನೇ ತಣ್ಣಗಿಡುತ್ತದೆ. ತಣ್ಣಗಿನ ಬೆಂಕಿಯಲ್ಲಿ ಅನಿಲ ಹೊತ್ತಿಕೊಳ್ಳುವುದಿಲ್ಲ, ಚಿಮಣಿಗೆ ಏರಿ ಅಲ್ಲಿ ಡಾಂಬರಾಗಿ ಕೂರುತ್ತದೆ. ಹಸಿಸೌದೆಯ ನಿಜವಾದ ದಂಡವನ್ನು ಒಲೆಯಲ್ಲಿ ಅಳೆಯಲಾಗದು. ಅದು ಮಾಡಿನ ಮೇಲೆ ಸಂಗ್ರಹವಾಗುತ್ತಿರುತ್ತದೆ.

ಒಣಗಿಸುವುದು ಹೇಗೆ ಎಂಬುದರಲ್ಲಿ ಸೂತ್ರಕರ್ತೃಗಳಿಗೆ ಸಂಶಯವೇ ಇರಲಿಲ್ಲ. ಸೌದೆಯನ್ನು ಸೀಳಬೇಕು. ತೊಗಟೆ ಹೊದ್ದ ಇಡೀ ದಿಮ್ಮಿಯೊಳಗಿನ ನೀರಿಗೆ ಹೊರಬರುವ ದಾರಿ ತುದಿಗಳಲ್ಲಿ ಮಾತ್ರ. ಸೀಳಿದಾಗ ಮೈಯೆಲ್ಲ ದಾರಿ. ನೆಲಕ್ಕೆ ಕಲ್ಲೋ ಅಡ್ಡಗಳವೋ ಕೊಟ್ಟು, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ಮೇಲೆ ಮಾಡು ಬೇಕು, ಪಕ್ಕ ತೆರೆದಿರಬೇಕು. ಇಡೀ ರಾಶಿಗೆ ಟಾರ್ಪಾಲು ಹೊದಿಸಿ ನಾಲ್ಕೂ ಕಡೆ ಕಲ್ಲು ಹೇರಿ ಭದ್ರಮಾಡುವವರಿದ್ದಾರೆ. ಅವರು ಒಣಗಿಸುತ್ತಿರುವುದು ಸೌದೆಯನ್ನಲ್ಲ, ಸಾಕುತ್ತಿರುವುದು ಅಣಬೆಯನ್ನು. ಒಣಗಿತೇ ಎಂದು ತಿಳಿಯಲು ಎರಡು ತುಂಡುಗಳನ್ನು ತಾಡಿಸಿ. ಟಣ್ಣೆಂದರೆ ಒಣಗಿದೆ, ದಬ್ಬೆಂದರೆ ಇನ್ನೂ ನೀರಿದೆ. ತುದಿಯಲ್ಲಿ ಸೀಳುಬಿರುಕು ಮೂಡಿರುವುದು ಇನ್ನೊಂದು ಗುರುತು. ಆಗುಂಬೆಯಂಥ ಕಡೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ, ಒಣಗಿದ ಸೌದೆಯೂ ಆಷಾಢದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಒಲೆಯ ಮೇಲೊಂದು ಅಟ್ಟ ಕಟ್ಟಿ ನಾಳೆಯ ಸೌದೆಯನ್ನು ಇವತ್ತಿನ ಬಿಸಿಗೆ ಇಡುವ ಪದ್ಧತಿ ಬಂದದ್ದು. ಪದ್ಧತಿ ಜಾಣತನದ್ದು, ಒಂದು ನಿಯಮದೊಂದಿಗೆ: ಒಂದೆರಡು ದಿನದ್ದು ಮಾತ್ರ, ಹೊಗೆಕೊಳವೆಗೆ ತಗಲದಂತೆ. ಇಡೀ ಮಳೆಗಾಲದ ದಾಸ್ತಾನನ್ನು, ಅದರ ಪಕ್ಕಕ್ಕೊಂದು ಅಡಿಕೆಸಿಪ್ಪೆಯ ಚೀಲವನ್ನು ಉರಿಯ ನೆತ್ತಿಯ ಮೇಲೆ ಇಟ್ಟವನಿಗೆ ಅಗ್ನಿಹೋತ್ರದ ಫಲ ಒಂದೇ ರಾತ್ರಿಯಲ್ಲಿ ಲಭಿಸಬಹುದು.

ಉರುವಲಿನ ಜಾತಿವಿಚಾರದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸರ್ವೆ, ಅಕೇಶಿಯಾ, ಹಳೆಯ ಕಾಫಿಗಿಡದ ಬುಡ ಚೆನ್ನಾಗಿ ಉರಿಯುತ್ತವೆ. ಕರಟ ಭರ್ರನೆ ಉರಿದು ಮುಗಿಯುತ್ತದೆ, ಅಡಿಕೆಸಿಪ್ಪೆ ಮುನಿಸಿಕೊಂಡು ಹೊಗೆಯಾಡುತ್ತದೆ. ಸೊನೆ ತಗುಲಿದರೆ ಮೈ ಊದಿಸುವ ಕಾಡುಗೇರಿನ ಬಳಗದ ಮರಗಳನ್ನು ಒಲೆಗೆ ತರಬೇಡಿ. ಗುಡ್ಡ ಬಲ್ಲ ಹಿರಿಯರು ಅವನ್ನು ತರುವುದೂ ಇಲ್ಲ. ನಿಷಿದ್ಧಗಳಲ್ಲಿ ಹೊಸದಾಗಿ ಸೇರಿದ್ದು ಹಾಲಿನ ಪ್ಯಾಕೆಟ್ಟು. ಚೀಟಿ, ಸಿಪ್ಪೆ, ಪುಳ್ಳೆಗಳಲ್ಲಿ ಹೊತ್ತುತ್ತಿದ್ದ ಬಚ್ಚಲೊಲೆ ಈಗ ಪ್ಲಾಸ್ಟಿಕ್ ಕವರಿಲ್ಲದೆ ಕಣ್ಣು ಬಿಡುವುದಿಲ್ಲ ಎನ್ನುವ ಸ್ಥಿತಿಗೆ ಬಂದಿದೆ. ಊರ ತ್ಯಾಜ್ಯ ವಿಲೇವಾರಿ ಹೀಗೆ ಪ್ರತಿ ಮನೆಯ ಬಚ್ಚಲಲ್ಲಿ, ಸ್ನಾನ ಮಾಡುವವನ ಮೂಗಿನ ಕೆಳಗೇ ನಡೆಯುತ್ತಿದೆ. ಪಿವಿಸಿ ಪೈಪಿನ ತುಂಡು, ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್ ಇವೂ ಅದೇ ಪಂಕ್ತಿ; ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಹಬೆ ಬರುತ್ತದೆ, ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ನಂದಿತೆಂದು ತೋರುವ ಕೆಂಡದ ಮೇಲೆ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಸುರಿಯುವವರ ವಿಷಯದಲ್ಲಿ ಶಾಸ್ತ್ರ ಮೌನವಾಗಿದೆ. ಅವರು ಮುಂದಿನ ಅಧಿಕರಣದವರೆಗೆ ಉಳಿಯುವುದು ಖಚಿತವಿಲ್ಲ.

ಅಸ್ತ್ರಾಧಿಕರಣ

ಸೂತ್ರ: ಒಲೆಯ ಕಣ್ಣು ತೆರೆದಿದ್ದರೆ ನಮ್ಮ ಕಣ್ಣು ಮುಚ್ಚಬೇಕು.

ಹೊಗೆಯಿಲ್ಲದ ಒಲೆಯ ಕನಸು ಹಳೆಯದು. 1950ರ ದಶಕದಲ್ಲೇ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾ ಪ್ರಯೋಗಾಲಯದ ಎಸ್. ಪಿ. ರಾಜು ಚಿಮಣಿಯುಳ್ಳ ಮಣ್ಣಿನ ಒಲೆಯನ್ನು ರೂಪಿಸಿ, ಕೋಟ್ಯಂತರ ಅಡುಗೆಮನೆಗಳನ್ನು ಹೊಗೆಯಿಂದ ಬಿಡಿಸಬೇಕೆಂದು ಪುಸ್ತಕ ಬರೆದರು. ಕನ್ನಡ ನಾಡಿನಲ್ಲಿ ಈ ಪರಂಪರೆಯ ಮಹಾಭಾಷ್ಯ ರಚಿತವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ವಿದ್ಯುದ್ರಸಾಯನಶಾಸ್ತ್ರಜ್ಞರಾದ ಅಮೂಲ್ಯ ಕೆ. ಎನ್. ರೆಡ್ಡಿ ಅವರು 1974ರಲ್ಲಿ ಅಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ಅಸ್ತ್ರ ಕೇಂದ್ರವನ್ನು ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅದರ ಪ್ರಯೋಗಭೂಮಿಯಾಯಿತು. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮೊದಲಾದವರು 1980ರ ದಶಕದ ಆರಂಭದಲ್ಲಿ ಮೂರು ಕಣ್ಣಿನ ಅಸ್ತ್ರ ಒಲೆಯನ್ನು ಹದಗೊಳಿಸಿದರು. ವಿಜ್ಞಾನಿಗಳು ತಕ್ಕಡಿ, ಥರ್ಮಾಮೀಟರ್ ಇಟ್ಟುಕೊಂಡು ನೀರು ಕುದಿಸಿ ಕೂತರು. ತರ್ಕಶಾಸ್ತ್ರ ಹುಟ್ಟಿದ ದೇಶದಲ್ಲಿ ಪಂಡಿತರು ಅಡುಗೆಮನೆಯ ಹೊಸಿಲು ದಾಟಿ ಒಳಬಂದು ಕೂತ ಅಪರೂಪದ ಪ್ರಸಂಗ ಇದು. ನಾವು ಅಣಕವಾಡುತ್ತಿದ್ದರೂ ಇಲ್ಲಿ ಮಾತ್ರ ಮೇಲುಹೊದಿಕೆ ತೆಗೆದು ಸೊಂಟಕ್ಕೆ ಕಟ್ಟುತ್ತೇವೆ.

ರಚನೆಯಲ್ಲಿ ಗುಟ್ಟೇನೂ ಇಲ್ಲ. ಹಳೆಯ ಒಲೆಯಲ್ಲಿ ಬಾಯಿ ದೊಡ್ಡದು, ಗಾಳಿ ಬೇಕಾದ್ದಕ್ಕಿಂತ ಹೆಚ್ಚು ನುಗ್ಗಿ ಕಾವನ್ನು ಹೊತ್ತೊಯ್ಯುತ್ತದೆ, ಉರಿ ಪಾತ್ರೆಯ ಪಕ್ಕದಿಂದ ಜಾರಿಕೊಳ್ಳುತ್ತದೆ. ಸೌದೆಯ ಶಕ್ತಿಯಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಹತ್ತು ಹದಿನೈದು. ಅಸ್ತ್ರ ಒಲೆಯಲ್ಲಿ ಉರುವಲಿನ ಗೂಡಿಗೆ ಬಾಗಿಲಿದೆ. ಸೌದೆ ನೆಲದ ಮೇಲಲ್ಲ, ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ. ಗಾಳಿ ಕೆಳಗಿನಿಂದ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಉರಿ ಮೊದಲ ಪಾತ್ರೆಯನ್ನು ಮುಟ್ಟಿ, ಎರಡನೆಯದಕ್ಕೆ ಹೋಗಿ, ಮೂರನೆಯದಕ್ಕೆ ಉಳಿದ ಕಾವನ್ನು ಕೊಟ್ಟು ಚಿಮಣಿ ಸೇರುತ್ತದೆ. ಪ್ರಯೋಗಾಲಯದಲ್ಲಿ ದಕ್ಷತೆ ನೂರಕ್ಕೆ ಮೂವತ್ತು ದಾಟಿತು. ಅನ್ನ, ಸಾರು, ಬಿಸಿನೀರು ಒಂದೇ ಉರಿಯಲ್ಲಿ.

ಆದರೆ ಮೂರೂ ಕಣ್ಣಿನ ಮೇಲೆ ಪಾತ್ರೆ ಕೂತಿರಬೇಕು, ಸಂದಿಯಿಲ್ಲದಂತೆ ಕೂತಿರಬೇಕು. ಒಂದು ಕಣ್ಣು ತೆರೆದಿದ್ದರೂ ಹೊಗೆಗೆ ಚಿಮಣಿಯವರೆಗೆ ನಡೆಯುವ ದರ್ದಿಲ್ಲ. ಒಲೆ ಕಟ್ಟುವಾಗ ಮನೆಯ ಪಾತ್ರೆಗಳ ಅಳತೆ ತೆಗೆದು ಕಟ್ಟಿದರೆ ಸರಿ. ಅಮ್ಮ ಅಳತೆ ಕೊಟ್ಟ ತಪ್ಪಲೆಯನ್ನು ಮುಂದೊಂದು ದಿನ ಹಳೇ ಪಾತ್ರೆಯವನಿಗೆ ಕೊಟ್ಟು ಸ್ಟೀಲಿನದು ತಂದರೆ ಶಾಸ್ತ್ರಭಂಗವಾಯಿತು. ಇನ್ನೊಂದು ತೊಡಕು ಗೂಡಿನ ಅಳತೆ. ಅದು ಚಿಕ್ಕದು, ಅದಕ್ಕೆ ಸಣ್ಣಗೆ ಸೀಳಿದ, ಗಿಡ್ಡಗೆ ತುಂಡರಿಸಿದ ಸೌದೆಯೇ ಬೇಕು. ಹಳೆಯ ಒಲೆಗೆ ಮಾರುದ್ದದ ಕೊಳ್ಳಿಯನ್ನು ಇಟ್ಟು, ಉರಿದ ಹಾಗೆ ತಳ್ಳುತ್ತಾ ಹೋದರಾಗುತ್ತಿತ್ತು. ಹೊಸ ಒಲೆ ಯಾರಾದರೂ ಒಬ್ಬರು ಕೊಡಲಿ ಹಿಡಿಯಬೇಕೆಂದು ಕೇಳಿತು. ಮನೆಯಲ್ಲಿ ಕೊಡಲಿ ಯಾರ ಪಾಲಿನದೆಂದು ಎಲ್ಲರಿಗೂ ಗೊತ್ತು. ಅವರು ಜಗಲಿಯಲ್ಲಿ ಭಾಷ್ಯ ಬರೆಯುತ್ತಿದ್ದರು. ಒಳಗಿದ್ದವರು ಸಲಾಕೆ ತೆಗೆದು ಗೂಡಿನ ಬಾಯನ್ನು ಕುಟ್ಟಿ ಅಗಲ ಮಾಡಿಕೊಂಡರು. ದಕ್ಷತೆಯ ಲೆಕ್ಕ ಆ ಏಟಿಗೆ ಉದುರಿತು. ಈ ಕಾರಣವನ್ನು ಯಾವ ವರದಿಯ ಯಾವ ಕೋಷ್ಟಕದಲ್ಲಿ ತುಂಬಿಸಬೇಕೆಂದು ನಮಗೂ ತಿಳಿಯದು.

ದೆಹಲಿಯಲ್ಲಿ ಇದೇ ಹೊತ್ತಿಗೆ ಒಲೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. 1980ರ ದಶಕದ ಮೊದಲರ್ಧದಲ್ಲಿ ಶುರುವಾಗಿ 2002ರಲ್ಲಿ ನಿಂತ ಸುಧಾರಿತ ಒಲೆ ಯೋಜನೆಯಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಮಿಕ್ಕಿ ಒಲೆಗಳು ಲೆಕ್ಕಕ್ಕೆ ಸಿಕ್ಕವು. ಲೆಕ್ಕಕ್ಕೆ ಸಿಕ್ಕಿದ್ದು ಕಟ್ಟಿದ ಒಲೆ. ಉರಿಯುತ್ತಿರುವ ಒಲೆ, ಗುಡಿಸಿದ ಚಿಮಣಿ, ಒಡೆದ ಜಾಲರಿಗೆ ಬದಲಿ ಜಾಲರಿ ಇವುಗಳಿಗೆ ಗುರಿಯೂ ಇರಲಿಲ್ಲ, ಸರಿಯಾದ ಅನುದಾನವೂ ಇರಲಿಲ್ಲ. ಪಂಡಿತರು ಹೊಗೆಯಿಂದ ಬೆಂಕಿಯನ್ನು ಊಹಿಸಿದ್ದರು. ಇಲಾಖೆ ಒಲೆಯಿಂದ ಹೊಗೆಯಿಲ್ಲದಿರುವಿಕೆಯನ್ನು ಊಹಿಸಿತು.

ಊಹೆ ಬಿಟ್ಟು ಪ್ರತ್ಯಕ್ಷಕ್ಕೆ ಬಂದವರಲ್ಲಿ ಅಮೆರಿಕದ ಕರ್ಕ್ ಸ್ಮಿತ್ ಮೊದಲಿಗರ ಸಾಲಿನವರು. 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಸಣ್ಣ ಯಂತ್ರ ಕಟ್ಟಿ, ಅವರು ಉಸಿರಾಡುವ ಗಾಳಿಯಲ್ಲಿ ಎಷ್ಟು ಹೊಗೆಯಿದೆಯೆಂದು ಸ್ಮಿತ್ ಅವರೂ ಅವರ ಜೊತೆಗಾರರೂ ಅಳೆದರು. ದೃಷ್ಟಾಂತದಿಂದ ಹೊರಗುಳಿದಿದ್ದವಳು ಹೀಗೆ ಕೊನೆಗೂ ಪ್ರಮಾಣಕ್ಕೆ ಒಳಗಾದಳು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸತ್ತವರು 32 ಲಕ್ಷ. ಮಡುವನ್ನೂ ಅಡುಗೆಮನೆಯನ್ನೂ ಹೋಲಿಸಿದ ಶಾಸ್ತ್ರಕ್ಕೆ ಇಷ್ಟು ದೊಡ್ಡ ಸಪಕ್ಷ ಬೇಕಿರಲಿಲ್ಲ.

ಧೂಮಮಾರ್ಗಾಧಿಕರಣ

ಸೂತ್ರ: ಹೋಗುವುದಕ್ಕೆ ದಾರಿ, ಬರುವುದಕ್ಕೆ ಬಾಗಿಲು.

ಚಿಮಣಿ ಹೊಗೆಯನ್ನು ಎಳೆಯುವುದಿಲ್ಲ. ಒಳಗಿನ ಬಿಸಿಗಾಳಿ ಹಗುರ, ಹೊರಗಿನ ತಂಪುಗಾಳಿ ಭಾರ. ಭಾರವಾದದ್ದು ಕೆಳಗಿನಿಂದ ನುಗ್ಗಿ ಹಗುರವಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಚಿಮಣಿಗೆ ಬೇಕಾದ್ದು ಎತ್ತರ, ಬೆಚ್ಚಗಿರುವ ಮೈ, ಕಡಿಮೆ ತಿರುವು. ಬೆಂಜಮಿನ್ ಫ್ರಾಂಕ್ಲಿನ್‌ನಂಥ ಬುದ್ಧಿವಂತನೂ 1740ರ ದಶಕದಲ್ಲಿ ಮಾಡಿದ ಒಲೆಯಲ್ಲಿ ಹೊಗೆಯನ್ನು ಮೊದಲು ಕೆಳಗಿಳಿಸಿ ಆಮೇಲೆ ಚಿಮಣಿ ಹತ್ತಿಸಲು ಹೋದ. ಚಿಮಣಿ ತಣ್ಣಗಿದ್ದಾಗ ಹೊಗೆ ಒಪ್ಪಲಿಲ್ಲ, ಮುಂದಿನವರು ಅದನ್ನು ತಿದ್ದಬೇಕಾಯಿತು. ಮಿಂಚನ್ನೇ ಪಳಗಿಸಿದವನ ಮಾತು ಕೇಳದ ಹೊಗೆ ನಮ್ಮ ಆರ್‌ಸಿಸಿ ಮನೆಯ ಕಂಟ್ರಾಕ್ಟರನ ಮಾತು ಕೇಳುತ್ತದೆಂದು ನಂಬುವುದು ಹೇಗೆ? ಅವನು ಪೈಪನ್ನು ಒಲೆಯಿಂದ ಅಡ್ಡಲಾಗಿ ಒಯ್ದು, ವೆಂಟಿಲೇಟರಿನಿಂದ ಗೇಣುದ್ದ ಹೊರಗೆ ಚಾಚಿ, ಅಲ್ಲಿಗೇ ನಿಲ್ಲಿಸುತ್ತಾನೆ. ಪಶ್ಚಿಮದ ಗಾಳಿ ಬೀಸಿದಾಗ ಇಡೀ ಹೊಗೆ ಮನೆಗೆ ಮರಳುತ್ತದೆ.

ಮಾಡಿನಿಂದ ಹೊರಬಂದ ಜಾಗಕ್ಕಿಂತ ಚಿಮಣಿ ಕನಿಷ್ಠ 3 ಅಡಿ ಮೇಲಿರಬೇಕು. ಸುತ್ತಲಿನ 10 ಅಡಿಯೊಳಗೆ ಇರುವ ಮಾಡು, ಗೋಡೆ ಯಾವುದಕ್ಕಿಂತಲೂ 2 ಅಡಿ ಎತ್ತರವಿರಬೇಕು. ತುದಿಗೆ ಮಳೆಯ ಟೋಪಿ ಬೇಕು, ಅದರ ಸುತ್ತ ಹೊಗೆಗೆ ದಾರಿಯೂ ಬೇಕು. ತಗಡಿನ ಒಂಟಿ ಪೈಪು ಅಟ್ಟದ ಹಲಗೆಯನ್ನೋ ಮರದ ಪಕಾಸನ್ನೋ ತಗಲಿಕೊಂಡು ಹೋಗಕೂಡದು; ಅಲ್ಲಿ ಎರಡು ಪದರದ, ನಡುವೆ ಉಷ್ಣನಿರೋಧಕ ತುಂಬಿದ ಕೊಳವೆಯೇ ಆಗಬೇಕು. ಹಳೆಯ ಮನೆಗಳ ಕಲ್ನಾರಿನ ಪೈಪು ಒಡೆದಿದ್ದರೆ ಕೊರೆಯುವುದು, ಉಜ್ಜುವುದು ಬೇಡ. ಅದರ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ; ಒದ್ದೆ ಮಾಡಿ ಇಡಿಯಾಗಿ ಬಿಚ್ಚಿಸಿ. ಕಾಮ್ಯಾಧಿಕಾರಿಯ ಎರಕದ ಒಲೆಗೆ ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಹೇಳುವ ಸಾಮಾನ್ಯ ಅಂತರ, ಉರಿಯಬಲ್ಲ ಗೋಡೆಯಿಂದ 36 ಇಂಚು. ಬಿದಿರಿನ ತಟ್ಟಿ, ತೇಗದ ಪ್ಯಾನೆಲ್, ಕಿಟಕಿಯ ಪರದೆ, ಅತಿಥಿಗಳು ಒಣಹಾಕುವ ಜೀನ್ಸ್ ಪ್ಯಾಂಟು ಎಲ್ಲವೂ ಉರಿಯಬಲ್ಲ ಗೋಡೆಗಳೇ. ಮರದ ನೆಲದ ಮೇಲೆ ಒಲೆ ಇಡುವುದಾದರೆ ಕೆಳಗೆ ಕಲ್ಲೋ ಇಟ್ಟಿಗೆಯೋ ಹಾಸಬೇಕು, ಬಾಗಿಲ ಮುಂದಕ್ಕೂ ಅದು ಚಾಚಿರಬೇಕು. ಕಿಡಿ ಹಾರುವುದು ಮುಂದಕ್ಕೇ.

ಸೂತ್ರದ ಉತ್ತರಾರ್ಧವನ್ನು ಎಲ್ಲರೂ ಮರೆಯುತ್ತಾರೆ. ಚಿಮಣಿಯಿಂದ ಎಷ್ಟು ಗಾಳಿ ಹೋಯಿತೋ ಅಷ್ಟು ಒಳಗೆ ಬರಬೇಕು. ಹಂಚಿನ ಮನೆಗೆ ಸಾವಿರ ಸಂದಿ, ಅದಕ್ಕೆ ಚಿಂತೆಯಿಲ್ಲ. ಗಾಜಿನ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದ ಹೊಸ ಮನೆಯಲ್ಲಿ ಒಲೆ ಹೊತ್ತಿಸಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಫ್ಯಾನು ಗಾಳಿಯನ್ನು ಚಿಮಣಿಯಿಂದಲೇ ಕೆಳಕ್ಕೆ ಸೆಳೆಯುತ್ತದೆ. ಆಗ ಮನೆಯೇ ಚಿಮಣಿ.

ಅಂಗಾರಾಧಿಕರಣ

ಸೂತ್ರ: ಹೊಗೆ ಕೆಮ್ಮಿಸುತ್ತದೆ, ಕೆಂಡ ಮಲಗಿಸುತ್ತದೆ.

ಈ ಅಧಿಕರಣದಲ್ಲಿ ಅಣಕ ಕಡಿಮೆ. ಕಬ್ಬಿಣದ ಗುಂಡಿನ ಉದಾಹರಣೆಯಿಂದ ಕಲಿತವರು ಒಂದು ಹೇತ್ವಾಭಾಸಕ್ಕೆ ಬೀಳುವ ಅಪಾಯವಿದೆ: ಇಲ್ಲಿ ಹೊಗೆಯಿಲ್ಲ, ಆದ್ದರಿಂದ ಇಲ್ಲಿ ಭಯವಿಲ್ಲ. ಇದು ತಪ್ಪು, ಪ್ರಾಣಕ್ಕೆ ಎರವಾಗುವ ತಪ್ಪು. ಕೆಂಡ ಹೊಗೆಯಾಡದೆಯೂ ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದಿಟ್ಟು, ಶೀತ ಹತ್ತದಿರಲೆಂದು ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚುವುದನ್ನು ಹಿರಿಯರು ಪ್ರೀತಿಯಿಂದ ಮಾಡಿದರೂ ಮಾಡಬಾರದು. ಚಳಿಯ ರಾತ್ರಿ ಹೋಂಸ್ಟೇ ಕೋಣೆಗೆ ಬಾರ್ಬೆಕ್ಯೂ ಇದ್ದಿಲನ್ನು ಒಳಗೆ ತರುವುದೂ ಅದೇ. ಒಲೆಬಾಯಿ ಒಳಗಡೆಗೇ ಇರುವ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಎಣ್ಣೆಸ್ನಾನ ಮಾಡುವುದೂ ಅದೇ. ಹೊಸದಾಗಿ ಕಟ್ಟಿಸುವವರು ಒಲೆಬಾಯನ್ನು ಗೋಡೆಯ ಆಚೆಗೆ, ಹೊರಗಿನಿಂದ ಸೌದೆ ಹಾಕುವಂತೆ ಇಟ್ಟುಕೊಳ್ಳಲಿ. ಮಲಗುವ ಮುನ್ನ ಕೆಂಡ ಇನ್ನೂ ಇರುವಾಗಲೇ ಎರಕದ ಒಲೆಯ ಡ್ಯಾಂಪರನ್ನು ಪೂರ್ತಿ ಮುಚ್ಚಬೇಡಿ. ಮುಚ್ಚಿದ ಮನೆಯಲ್ಲಿ ಒಲೆಯಿಟ್ಟವರು ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ತೂಗುಹಾಕಿ.

ಶೌಚಾಧಿಕರಣ

ಸೂತ್ರ: ಬೂದಿ ಸತ್ತಿಲ್ಲ.

ಮೇಲೆ ತಣ್ಣಗಾದ ಬೂದಿಯೊಳಗೆ ಕೆಂಡ ಮರುದಿನದವರೆಗೂ ಬದುಕಿರುತ್ತದೆ. ಹಿಂದಿನವರು ಬೆಳಿಗ್ಗೆ ಅದನ್ನೇ ಕೆದಕಿ ಬೆಂಕಿ ಮಾಡುತ್ತಿದ್ದರು, ಬೆಂಕಿಪೊಟ್ಟಣ ಉಳಿಸುತ್ತಿದ್ದರು. ಆದ್ದರಿಂದ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಬೇಡಿ, ಹುಲ್ಲಿನ ಬಣವೆಯ ಪಕ್ಕ ಸುರಿಯಬೇಡಿ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹೊರಗಿಟ್ಟು, ಪೂರ್ತಿ ಆರಿದ ಮೇಲೆ ಬಾಳೆಬುಡಕ್ಕೆ ಹಾಕಿ.

ಚಿಮಣಿಯ ಒಳಮೈಗೆ ಕೂತ ಕಪ್ಪು ಡಾಂಬರು ಉರಿಯಬಲ್ಲದ್ದು. ಜೋರು ಉರಿ ಹಾಕಿದ ಒಂದು ದಿನ ಅದೇ ಹೊತ್ತಿಕೊಂಡರೆ ಕೊಳವೆ ಭೋರೆನ್ನುತ್ತದೆ, ತುದಿಯಿಂದ ಕಿಡಿ ಹಾರುತ್ತದೆ. ಆಗ ಕೆಳಗಿನಿಂದ ನೀರು ಎರಚಬೇಡಿ. ಕಾದ ಕೊಳವೆ ಸೀಳುತ್ತದೆ, ಹಬೆ ಮುಖಕ್ಕೆ ನುಗ್ಗುತ್ತದೆ. ಒಲೆಯ ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಿ, ಮನೆಯವರನ್ನು ಹೊರಗೆ ಕರೆದುಕೊಂಡು 112ಕ್ಕೆ ಫೋನ್ ಮಾಡಿ. ಇದು ಬಾರದಿರಲು ಉಪಾಯ ಒಂದೇ, ಗುಡಿಸುವುದು. ಬಿದಿರ ಗಳದ ತುದಿಗೆ ಗೋಣಿಯ ಉಂಡೆ ಕಟ್ಟಿ ಮೇಲಿನಿಂದ ಇಳಿಸಿದರೆ ಮಣ್ಣಿನ, ಸಿಮೆಂಟಿನ ಚಿಮಣಿಗೆ ಸಾಕು. ಲೋಹದ್ದಕ್ಕೆ ಅದರ ಅಳತೆಯ ಬ್ರಷ್ಷೇ ಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಿತ್ಯಾಧಿಕಾರಿಗಳು ವರ್ಷಕ್ಕೆ ಎರಡು ಸಲ, ಉಳಿದವರು ಹೊತ್ತಿಸುವ ಮುನ್ನ ಒಂದು ಸಲ. ಮಳೆ ಹಿಡಿದ ಮೇಲೆ ಹಂಚು ಜಾರುತ್ತದೆ, ಆದ್ದರಿಂದ ಗುಡಿಸುವವರು ಮೇ ತಿಂಗಳೊಳಗೆ ಮಾಡು ಹತ್ತಿ ಇಳಿಯಿರಿ. ಸೌದೆ ಸೀಳುವ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸಿಡಿ.